ನೊಣದ ಔಷಧಿ, ಬಾಟಲಿ ಮುಚ್ಚಳ ಮತ್ತು ನನ್ನ ಎಕ್ಸೆಲ್ ಶೀಟು

ಮೊದಲೇ ಹೇಳಿಬಿಡುತ್ತೇನೆ, ಇದು ಸ್ವಲ್ಪ ಉದ್ದದ ಬರಹ. ವಿಷಯ ಸಂಖ್ಯಾಶಾಸ್ತ್ರದ ಚರಿತ್ರೆ. ಹೆದರಬೇಡಿ, ಫಾರ್ಮುಲಾ ಒಂದೂ ಇಲ್ಲ. ಲೆಕ್ಕ ಸ್ವಲ್ಪ ಇದೆ, ಅದೂ ಕೂಡಿಸುವುದು ಭಾಗಿಸುವುದು ಅಷ್ಟೆ. ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಶುರು ಮಾಡಿ :-)

ನನ್ನ ಮೊದಲನೇ ಕಂಪನಿಯಲ್ಲಿ (ಹೆಸರು ಬೇಡ) ಗ್ರಾಹಕರಿಗೆ ಸಹಾಯ ಮಾಡುವ ಮೂರು ತಂಡಗಳಿದ್ದವು. ಬೆಳಗಿನ ಪಾಳಿ, ಸಂಜೆ ಪಾಳಿ, ರಾತ್ರಿ ಪಾಳಿ. ಪ್ರತಿ ಕೆಲಸ ಮುಗಿದ ಮೇಲೆ ಗ್ರಾಹಕರಿಗೆ ಒಂದು ಮೇಲ್ ಹೋಗುತ್ತಿತ್ತು. "ನಮ್ಮ ಸೇವೆ ಹೇಗಿತ್ತು? 1ರಿಂದ 5ರೊಳಗೆ ಅಂಕ ಕೊಡಿ." ಹೆಚ್ಚಿನವರು ಉತ್ತರಿಸುತ್ತಿರಲಿಲ್ಲ. ಒಂದು ತಿಂಗಳು ಬಂದ ಉತ್ತರಗಳನ್ನೆಲ್ಲ ಸೇರಿಸಿ ಪಾಳಿವಾರು ಹೋಲಿಕೆ ಮಾಡಿಕೊಡು ಅಂತ ನನಗೆ ಹೇಳಿದರು. ನಾನು ಹೊಸಬ, ಎಕ್ಸೆಲ್ ಚೆನ್ನಾಗಿ ಬರುತ್ತಿತ್ತು. ಹತ್ತು ನಿಮಿಷದ ಕೆಲಸ.

ಬಂದದ್ದು ಇಷ್ಟೇ ಉತ್ತರ:

ಬೆಳಗಿನ ಪಾಳಿ: 4, 4, 5, 4, 3, 5, 4, 4
ಸಂಜೆ ಪಾಳಿ: 4, 5, 3, 4, 4, 5, 4
ರಾತ್ರಿ ಪಾಳಿ: 5, 4, 1, 5, 1, 5

ಸರಾಸರಿ ತೆಗೆದೆ. ಬೆಳಗ್ಗೆ 4.13, ಸಂಜೆ 4.14, ರಾತ್ರಿ 3.5. ಬಣ್ಣ ಬಣ್ಣದ ಕಂಬಗಳ ಚಿತ್ರ ಹಾಕಿದೆ. ರಾತ್ರಿ ಪಾಳಿಗೆ ಕೆಂಪು ಬಣ್ಣ. ಮೀಟಿಂಗಿನಲ್ಲಿ ಎಲ್ಲರೂ ಆ ಕೆಂಪು ಕಂಬವನ್ನೇ ನೋಡಿದರು. ಆ ವರ್ಷ ರಾತ್ರಿ ಪಾಳಿಯವರ ಅಪ್ರೈಸಲ್ ಪೆಟ್ಟು ತಿಂತು. ಅದರಲ್ಲಿ ನನ್ನ ರೂಮ್‌ಮೇಟ್ ಕೂಡ ಇದ್ದ, ಸಾಗರದ ಕಡೆಯವನು. "ಲೋ, ರಾತ್ರಿಯೆಲ್ಲಾ ಎದ್ದಿರೋದು ನಿನ್ನ ಎಕ್ಸೆಲ್ಲಿಗೆ ಕಾಣಲ್ವೇನೋ ಮಾರಾಯ?" ಅಂದ. ಜಗಳವೇನೂ ಆಡಲಿಲ್ಲ. ಆರು ತಿಂಗಳಿಗೆ ಕೆಲಸ ಬಿಟ್ಟು ಊರಿಗೆ ಹೋದ.

ಸರಾಸರಿ ತಪ್ಪಾಗಿರಲಿಲ್ಲ. ಇವತ್ತು ಲೆಕ್ಕ ಹಾಕಿದರೂ 3.5 ಅಂತಲೇ ಬರುತ್ತದೆ. ಆದರೂ ಏನೋ ತಪ್ಪಾಗಿದೆ ಅಂತ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಇಂಜಿನಿಯರಿಂಗಿನ ನಾಲ್ಕನೇ ಸೆಮಿಸ್ಟರಿನ ಗಣಿತದಲ್ಲಿ ಟಿ-ಟೆಸ್ಟ್, ಕೈ-ಸ್ಕ್ವೇರ್ ಎಲ್ಲ ಓದಿದ್ದೆವು. ಪರೀಕ್ಷೆ ಮುಗಿದ ದಿನವೇ ಮರೆತಿದ್ದೆವು. ವರ್ಷಗಳಾದ ಮೇಲೆ ಬೇರೆ ಯಾವುದೋ ಕೆಲಸಕ್ಕೆ ಸಂಖ್ಯಾಶಾಸ್ತ್ರ ಮತ್ತೆ ಓದಲು ಕೂತಾಗ ಈ ಚರಿತ್ರೆ ಸಿಕ್ಕಿತು. ಅದನ್ನೇ ನಿಮಗೆ ಹೇಳಬೇಕು ಅಂತ ಇಷ್ಟು ಪೀಠಿಕೆ.

"ಪರವಾಗಿಲ್ಲ" ಅಂದರೆ ಎಷ್ಟು?

ಹೊಸ ಹೋಟೆಲಿಗೆ ಹೋಗಿ ಬಂದವನನ್ನು "ದೋಸೆ ಹೇಗಿತ್ತೋ?" ಅಂತ ಕೇಳಿ. "ಪರವಾಗಿಲ್ಲ" ಅನ್ನುತ್ತಾನೆ. ಇದು ಐದಕ್ಕೆ ಎಷ್ಟು? ನಮ್ಮಪ್ಪ ಪರವಾಗಿಲ್ಲ ಅಂದರೆ ನಾಲ್ಕೂವರೆ. ನನ್ನ ತಂಗಿ ಪರವಾಗಿಲ್ಲ ಅಂದರೆ ಎರಡು, ಇನ್ನೊಮ್ಮೆ ಆ ಹೋಟೆಲಿಗೆ ಕಾಲಿಡುವುದಿಲ್ಲ. "ಪರವಾಗಿಲ್ಲ"ಕ್ಕಿಂತ "ಚೆನ್ನಾಗಿದೆ" ಮೇಲೆ, "ಚೆನ್ನಾಗಿದೆ"ಗಿಂತ "ಸೂಪರ್" ಮೇಲೆ. ಇಷ್ಟಂತೂ ಗೊತ್ತು. ಆದರೆ ಈ ಮೆಟ್ಟಿಲುಗಳ ಎತ್ತರ ಒಂದೇ ಸಮ ಅಂತ ಹೇಳಿದವರು ಯಾರು?

ಅಭಿಪ್ರಾಯವನ್ನು ಅಳೆಯುವ ಕೆಲಸವನ್ನು ಗಂಭೀರವಾಗಿ ಶುರು ಮಾಡಿದವರಲ್ಲಿ ಒಬ್ಬ ಅಮೆರಿಕದ ಲೂಯಿ ಥರ್ಸ್ಟನ್. ಇವನು ಮೂಲತಃ ಇಂಜಿನಿಯರ್, ಸ್ವಲ್ಪ ದಿನ ಎಡಿಸನ್ನನ ಪ್ರಯೋಗಾಲಯದಲ್ಲೂ ಕೆಲಸ ಮಾಡಿದ್ದ. 1928ರಲ್ಲಿ ಮನೋಭಾವಗಳನ್ನು ಅಳೆಯಬಹುದು ಅಂತ ಸಾರಿದ. ಅವನ ವಿಧಾನ ಮಾತ್ರ ಬಹಳ ತ್ರಾಸಿನದು. ನೂರಾರು ಹೇಳಿಕೆಗಳನ್ನು ಮೊದಲು ತೀರ್ಪುಗಾರರ ಕೈಗೆ ಕೊಟ್ಟು, ಅವರು ಅದನ್ನು ಹನ್ನೊಂದು ಗುಂಪಾಗಿ ವಿಂಗಡಿಸಿ, ಆಮೇಲೆ ಅದರಿಂದ ಅಳತೆಗೋಲು ಮಾಡಬೇಕು.

1932ರಲ್ಲಿ ರೆನ್ಸಿಸ್ ಲಿಕರ್ಟ್ ಅನ್ನುವ ಯುವಕ ಇದನ್ನು ಸುಲಭ ಮಾಡಿದ. ಇವನೂ ಮಿಶಿಗನ್‌ನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಲು ಹೋಗಿ ಸಮಾಜಶಾಸ್ತ್ರಕ್ಕೆ ಹಾರಿದವನು. (ನಮ್ಮ ಕ್ಲಾಸಿನಲ್ಲೂ ಇಂಥವರು ಬೇಕಾದಷ್ಟಿದ್ದರು, ಹಾರುವ ಧೈರ್ಯ ಇರಲಿಲ್ಲ ಅಷ್ಟೆ.) ಕೊಲಂಬಿಯಾ ವಿಶ್ವವಿದ್ಯಾಲಯದ ಪಿಎಚ್‌ಡಿಗಾಗಿ ಅವನು ಮಾಡಿದ್ದು ಇಷ್ಟು: ತೀರ್ಪುಗಾರರೇ ಬೇಡ. ಹೇಳಿಕೆ ಕೊಡು, ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಪೂರ್ತಿ ವಿರೋಧಿಸುತ್ತೇನೆ ಎಂಬಲ್ಲಿಯವರೆಗೆ ಐದು ಆಯ್ಕೆ ಕೊಡು, 1ರಿಂದ 5 ಅಂಕ ಹಾಕು, ಕೂಡಿಸು. ದೊಡ್ಡ ಲೆಕ್ಕದ ವಿಧಾನದಲ್ಲಿ ಬರುವುದಕ್ಕೂ ಇದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ ಅಂತಲೂ ತೋರಿಸಿದ.

ಇಲ್ಲೊಂದು ಸೂಕ್ಷ್ಮ ಇದೆ. ಲಿಕರ್ಟ್ ಕೂಡಿಸಿದ್ದು ಒಂದೇ ವಿಷಯದ ಮೇಲಿನ ಹಲವಾರು ಪ್ರಶ್ನೆಗಳನ್ನು. ಹಲವು ಪ್ರಶ್ನೆ ಕೂಡಿಸಿದಾಗ ಏರುಪೇರುಗಳು ಒಂದನ್ನೊಂದು ಹೊಡೆದು ಹಾಕುತ್ತವೆ. ನಾವು ಆ ಐದು ಮನೆಗಳನ್ನು ಮಾತ್ರ ಎತ್ತಿಕೊಂಡು ಬಂದು, ಒಂದೇ ಪ್ರಶ್ನೆ ಕೇಳಿ, ಸರಾಸರಿಯನ್ನು ಎರಡು ದಶಮಾಂಶದವರೆಗೆ ಬರೆಯುತ್ತೇವೆ. ಆ್ಯಪ್ ಸ್ಟೋರಿನಿಂದ ಹಿಡಿದು ಆಟೋದವರೆಗೆ ಎಲ್ಲ ಕಡೆ ಇದೇ ಕಥೆ.

1946ರಲ್ಲಿ ಹಾರ್ವರ್ಡಿನ ಎಸ್. ಎಸ್. ಸ್ಟೀವನ್ಸ್ ಸೈನ್ಸ್ ಪತ್ರಿಕೆಯಲ್ಲಿ ಅಳತೆಗಳನ್ನು ನಾಲ್ಕು ಜಾತಿ ಮಾಡಿದ. ಬರೀ ಹೆಸರು, ಬರೀ ಕ್ರಮ, ಸಮಾನ ಅಂತರ, ಮತ್ತು ನಿಜವಾದ ಸೊನ್ನೆ ಇರುವ ಅನುಪಾತ. ನಮಗೆ ಇದು ಅರ್ಥವಾಗಲು ಸಿಇಟಿ ಸಾಕು. ಮೊದಲನೇ ರ‍್ಯಾಂಕಿಗೂ ಎರಡನೇ ರ‍್ಯಾಂಕಿಗೂ ನಡುವೆ ಎಷ್ಟು ಅಂಕದ ಅಂತರ ಇದೆ ಅಂತ ರ‍್ಯಾಂಕ್ ನೋಡಿ ಹೇಳಲಾಗುವುದಿಲ್ಲ. ಯಾರು ಮುಂದೆ, ಯಾರು ಹಿಂದೆ ಅಷ್ಟೇ ಗೊತ್ತಾಗುವುದು. ಬರೀ ಕ್ರಮ ಇರುವ ಸಂಖ್ಯೆಗಳಿಗೆ ಸರಾಸರಿ ತೆಗೆಯುವುದು ಕಟ್ಟುನಿಟ್ಟಾಗಿ ನೋಡಿದರೆ ಸರಿಯಲ್ಲ ಅಂದ ಸ್ಟೀವನ್ಸ್.

ಎಲ್ಲರೂ ಒಪ್ಪಲಿಲ್ಲ. 1953ರಲ್ಲಿ ಫ್ರೆಡರಿಕ್ ಲಾರ್ಡ್ ಒಂದು ತಮಾಷೆ ಕಥೆಯನ್ನೇ ಬರೆದ. ಒಬ್ಬ ಪ್ರೊಫೆಸರು ಫುಟ್‌ಬಾಲ್ ಅಂಗಿಯ ಮೇಲಿನ ನಂಬರುಗಳನ್ನು ಮಾರುತ್ತಿರುತ್ತಾನೆ. ಮೊದಲ ವರ್ಷದ ಹುಡುಗರು ಬಂದು ನಮಗೆ ಬರೀ ಸಣ್ಣ ನಂಬರೇ ಬಂದಿದೆ, ಎಲ್ಲರೂ ನಗುತ್ತಿದ್ದಾರೆ ಅಂತ ದೂರುತ್ತಾರೆ. ಅಂಗಿಯ ನಂಬರು ಬರೀ ಹೆಸರು, ಅದಕ್ಕೆ ಸರಾಸರಿ ಹೇಗೆ ತೆಗೆಯುವುದು ಅಂತ ಪ್ರೊಫೆಸರನ ತಕರಾರು. ಕರೆಸಿದ ಸಂಖ್ಯಾಶಾಸ್ತ್ರಜ್ಞ ಮುಲಾಜಿಲ್ಲದೆ ಸರಾಸರಿ ತೆಗೆದು, ಇದು ಆಕಸ್ಮಿಕವಾಗಿ ಆಗಿದ್ದಲ್ಲ ಅಂತ ತೋರಿಸುತ್ತಾನೆ. ಸಂಖ್ಯೆಗಳಿಗೆ ತಾವು ಎಲ್ಲಿಂದ ಬಂದೆವು ಅನ್ನುವುದು ಗೊತ್ತಿರುವುದಿಲ್ಲ ಅನ್ನುವುದು ಅವನ ವಾದ. ಈ ಜಗಳ ಇನ್ನೂ ಮುಗಿದಿಲ್ಲ.

ನೊಣ ಕೊಲ್ಲುವವನ ನಾಲ್ಕು ಪುಟ

ಈಗ ನನ್ನ ಮೆಚ್ಚಿನ ಪಾತ್ರ. ಫ್ರಾಂಕ್ ವಿಲ್ಕಾಕ್ಸನ್. 1892ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ್ದು, ತಂದೆ ತಾಯಿ ಅಮೆರಿಕನ್ನರು. ಹುಡುಗನಾಗಿದ್ದಾಗ ಹಡಗು ಹತ್ತಿ ಓಡಿಹೋಗಿದ್ದ. ಆಮೇಲೆ ಏನೇನೋ ಕೆಲಸ ಮಾಡಿದ, ಮರಗಳಿಗೆ ಚಿಕಿತ್ಸೆ ಮಾಡುವ ಕೆಲಸವನ್ನೂ ಮಾಡಿದ. ಕೊನೆಗೆ 1924ರಲ್ಲಿ ಕಾರ್ನೆಲ್‌ನಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ. ಗಮನಿಸಿ, ಗಣಿತ ಅಲ್ಲ, ರಸಾಯನಶಾಸ್ತ್ರ. ನ್ಯೂಯಾರ್ಕ್ ಬಳಿಯ ಸಸ್ಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಾಗ ರೊನಾಲ್ಡ್ ಫಿಷರ್ 1925ರಲ್ಲಿ ಬರೆದ ಪ್ರಸಿದ್ಧ ಪುಸ್ತಕವನ್ನು ಸಹೋದ್ಯೋಗಿಗಳ ಜೊತೆ ಕೂತು ಓದಿದ. ಅಲ್ಲಿಂದ ಹುಚ್ಚು ಹಿಡಿಯಿತು. 1943ರಲ್ಲಿ ಅಮೆರಿಕನ್ ಸಯನಮಿಡ್ ಕಂಪನಿ ಸೇರಿದ, ಕೆಲಸ ಕೀಟನಾಶಕಗಳ ಪರೀಕ್ಷೆ.

ಆಗ ಎರಡು ಗುಂಪು ಹೋಲಿಸಬೇಕೆಂದರೆ ಟಿ-ಟೆಸ್ಟ್. ಅದನ್ನು 1908ರಲ್ಲಿ ಕಂಡುಹಿಡಿದ ಗಾಸೆಟ್ ಕೂಡ ಕಂಪನಿ ನೌಕರನೇ, ಗಿನ್ನೆಸ್ ಬಿಯರ್ ಕಾರ್ಖಾನೆಯವನು. ಅದಕ್ಕೆ ಒಂದು ಕರಾರು ಇದೆ. ನಿಮ್ಮ ಸಂಖ್ಯೆಗಳು ಗಂಟೆಯಾಕಾರದ ನಾರ್ಮಲ್ ಹಂಚಿಕೆಯಿಂದ ಬಂದಿರಬೇಕು. ಜೊತೆಗೆ ವರ್ಗ, ವರ್ಗಮೂಲ ಎಲ್ಲ ಕೈಯಲ್ಲೇ ಮಾಡಬೇಕು.

ವಿಲ್ಕಾಕ್ಸನ್ ಏನು ಮಾಡಿದ? ಸಂಖ್ಯೆಗಳನ್ನು ಬಿಸಾಕಿ ರ‍್ಯಾಂಕ್ ಇಟ್ಟುಕೊಂಡ! 1945ರಲ್ಲಿ ಬಯೊಮೆಟ್ರಿಕ್ಸ್ ಬುಲೆಟಿನ್‌ನಲ್ಲಿ ನಾಲ್ಕೇ ಪುಟದ ಲೇಖನ. ಆಗ ಅವನಿಗೆ 53 ವರ್ಷ. ಮೊದಲ ಉದಾಹರಣೆಯೇ ನೊಣ ಕೊಲ್ಲುವ ಔಷಧಿ. ಎರಡು ಔಷಧಿ, ಒಂದೊಂದನ್ನು ಎಂಟು ಸಲ ಸಿಂಪಡಿಸಿ ಶೇಕಡಾ ಎಷ್ಟು ನೊಣ ಸತ್ತವು ಅಂತ ಬರೆದಿದ್ದು. ಹದಿನಾರೂ ಸಂಖ್ಯೆಗಳನ್ನು ಒಟ್ಟಿಗೆ ಸಾಲಾಗಿ ನಿಲ್ಲಿಸಿ 1ರಿಂದ 16ರವರೆಗೆ ರ‍್ಯಾಂಕ್ ಕೊಡು. ಸಮ ಇದ್ದವರಿಗೆ ನಡುವಿನ ರ‍್ಯಾಂಕ್ ಹಂಚು. ಆಮೇಲೆ ಒಂದೊಂದು ಔಷಧಿಯ ರ‍್ಯಾಂಕುಗಳನ್ನು ಕೂಡಿಸು. ಒಂದಕ್ಕೆ 91 ಬಂತು, ಇನ್ನೊಂದಕ್ಕೆ 45. ಎರಡೂ ಔಷಧಿ ಒಂದೇ ಆಗಿದ್ದರೆ ಇಬ್ಬರಿಗೂ 68ರ ಆಸುಪಾಸು ಬರಬೇಕಿತ್ತು. ಇಷ್ಟು ದೂರ ಹೋಗುವುದು ಅಪರೂಪ, ಆದ್ದರಿಂದ ಮೊದಲನೆಯದು ಜೋರಾದ ಔಷಧಿ. ಅಷ್ಟೇ ಟೆಸ್ಟು. ಹೈಸ್ಕೂಲ್ ಹುಡುಗನೂ ಮಾಡಬಹುದು.

ನನಗೆ ಇದನ್ನು ಓದಿದಾಗ ಆದ ಖುಷಿ ಹೇಳತೀರದು. ಸಾಮಾನ್ಯವಾಗಿ ನಾವು ಮಾಹಿತಿ ಕಳೆದುಕೊಂಡರೆ ಹಾನಿ ಅಂದುಕೊಳ್ಳುತ್ತೇವೆ. ಇಲ್ಲಿ ಮಾಹಿತಿ ಬಿಟ್ಟುಕೊಟ್ಟು ಕರಾರಿನಿಂದ ಬಿಡುಗಡೆ ಪಡೆದದ್ದು. ಹಾಗಾದರೆ ಎಷ್ಟು ಕಳೆದುಕೊಂಡೆವು? ಆಸ್ಟ್ರೇಲಿಯಾದ ಪಿಟ್ಮನ್ ತೋರಿಸಿದ ದಾರಿಯಲ್ಲಿ ಲೆಕ್ಕ ಹಾಕಿದರೆ, ಸಂಖ್ಯೆಗಳು ನಿಜಕ್ಕೂ ನಾರ್ಮಲ್ ಆಗಿದ್ದರೂ ದೊಡ್ಡ ಸ್ಯಾಂಪಲ್ಲುಗಳಲ್ಲಿ ಈ ರ‍್ಯಾಂಕ್ ಟೆಸ್ಟಿನ ದಕ್ಷತೆ ಟಿ-ಟೆಸ್ಟಿನ ಶೇಕಡಾ 95.5 (ಮೂರನ್ನು ಪೈಯಿಂದ ಭಾಗಿಸಿ ನೋಡಿ). ಗುಂಪುಗಳ ಆಕಾರ ಒಂದೇ ಆಗಿದ್ದು ಬರೀ ಜಾಗ ಬದಲಾಗಿದ್ದರೆ, ಆ ಆಕಾರ ಎಷ್ಟೇ ವಕ್ರವಾಗಿದ್ದರೂ ಶೇಕಡಾ 86.4ಕ್ಕಿಂತ ಕೆಳಗಿಳಿಯುವುದಿಲ್ಲ ಅಂತ 1956ರಲ್ಲಿ ಹಾಡ್ಜಸ್ ಮತ್ತು ಲೇಮನ್ ಸಾಧಿಸಿದರು. ಕೆಲವು ಕಡೆ ಟಿ-ಟೆಸ್ಟನ್ನು ಹಿಂದೆ ಹಾಕಿ ಓಡುತ್ತದೆ. ಒರಟು ಲೆಕ್ಕ ಅಂತ ಮಾಡಿದ್ದು ಒರಟೇ ಅಲ್ಲ ಅಂತಾಯಿತು.

ಒಂದೇ ಬಾವಿಗೆ ಐದು ಜನ

ವಿಲ್ಕಾಕ್ಸನ್ನನ ಕೋಷ್ಟಕ ಎರಡೂ ಗುಂಪಿನ ಸಂಖ್ಯೆ ಸಮ ಇದ್ದರೆ ಮಾತ್ರ. ಎರಡು ವರ್ಷಕ್ಕೆ, 1947ರಲ್ಲಿ, ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಹೆನ್ರಿ ಮನ್ ಮತ್ತು ಅವನ ವಿದ್ಯಾರ್ಥಿ ಡೊನಾಲ್ಡ್ ವಿಟ್ನಿ ಇದಕ್ಕೆ ಗಟ್ಟಿ ಗಣಿತದ ಅಡಿಪಾಯ ಹಾಕಿದರು. ಮನ್ ವಿಯೆನ್ನಾದವನು, ನಾಜಿಗಳ ಕಾಟಕ್ಕೆ 1938ರಲ್ಲಿ ಅಮೆರಿಕಕ್ಕೆ ಬಂದವನು. ಸಂಖ್ಯಾಸಿದ್ಧಾಂತದಲ್ಲಿ ಆಗಲೇ ದೊಡ್ಡ ಹೆಸರು.

ಅವರು ನೋಡಿದ ಬಗೆ ಇನ್ನೂ ಸೊಗಸು. ಮೊದಲ ಗುಂಪಿನ ಪ್ರತಿಯೊಬ್ಬನನ್ನೂ ಎರಡನೇ ಗುಂಪಿನ ಪ್ರತಿಯೊಬ್ಬನ ಜೊತೆ ಕುಸ್ತಿಗೆ ಬಿಡು. ಎಷ್ಟು ಕುಸ್ತಿ ಗೆದ್ದರು ಎಣಿಸು. ಸಮ ಆದರೆ ಅರ್ಧ ಅಂಕ. ನೊಣದ ಲೆಕ್ಕದಲ್ಲಿ ಎಂಟೆಂಟಲೆ 64 ಕುಸ್ತಿ, ಮೊದಲ ಔಷಧಿ ಗೆದ್ದದ್ದು 55. ಅಂದರೆ ಈ ಟೆಸ್ಟು ಕೇಳುವ ಪ್ರಶ್ನೆಯೇ ಬೇರೆ. "ಸರಾಸರಿ ಎಷ್ಟು ಹೆಚ್ಚು?" ಅಂತ ಅಲ್ಲ. "ಇಲ್ಲಿಂದೊಬ್ಬ ಅಲ್ಲಿಂದೊಬ್ಬನನ್ನು ಕಣ್ಣುಮುಚ್ಚಿ ಆರಿಸಿದರೆ ಯಾರು ಮೇಲಿರುವ ಸಾಧ್ಯತೆ ಹೆಚ್ಚು?" ಅಂತ. ಇದು ಮೀಡಿಯನ್‌ಗಳ ಹೋಲಿಕೆ ಅಂತ ಅನೇಕ ಕಡೆ ಬರೆದಿರುತ್ತಾರೆ, ಸಾಮಾನ್ಯವಾಗಿ ಅದು ನಿಜವಲ್ಲ.

ತಮಾಷೆ ಏನೆಂದರೆ, ಮನಶ್ಶಾಸ್ತ್ರಜ್ಞ ಲಿಯೊನ್ ಫೆಸ್ಟಿಂಗರ್ ಕೂಡ 1946ರಲ್ಲಿ ಸ್ವತಂತ್ರವಾಗಿ ಇದೇ ಟೆಸ್ಟಿಗೆ ಬಂದಿದ್ದ. ಇನ್ನೂ ತಮಾಷೆ, 1914ರಲ್ಲೇ ಜರ್ಮನಿಯ ಗುಸ್ತಾವ್ ಡಾಯ್ಕ್ಲರ್ ಅನ್ನುವ ಶಿಕ್ಷಣತಜ್ಞ ಇದನ್ನು ಬರೆದಿಟ್ಟಿದ್ದ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1957ರಲ್ಲಿ ವಿಲಿಯಂ ಕ್ರುಸ್ಕಲ್ ಹಳೆಯ ಕಡತ ಕೆದಕಿ ಇದನ್ನು ಹೊರಗೆ ತಂದ. ಪಾಪ ಡಾಯ್ಕ್ಲರ್, ಟೆಸ್ಟಿನ ಹೆಸರಿನಲ್ಲಿ ಅವನಿಗೆ ಜಾಗ ಸಿಗಲಿಲ್ಲ.

ಮೂರನೇ ಗುಂಪು ಬಂದಾಗ

ನನ್ನ ಸಮಸ್ಯೆ ಎರಡು ಗುಂಪಿನದಲ್ಲ, ಮೂರರದು. ಬಹಳ ಗುಂಪುಗಳಿಗೆ ರ‍್ಯಾಂಕ್ ಬಳಸುವುದನ್ನು 1937ರಲ್ಲಿ ಶುರು ಮಾಡಿದವನು ಮಿಲ್ಟನ್ ಫ್ರೀಡ್ಮನ್. ಹೌದು, 1976ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅದೇ ಫ್ರೀಡ್ಮನ್! ಕುಟುಂಬಗಳ ಖರ್ಚಿನ ಲೆಕ್ಕ ಮಾಡುತ್ತಿದ್ದಾಗ ನಾರ್ಮಲ್ ಅನ್ನುವ ಕರಾರು ಅವನಿಗೆ ಹಿಡಿಸಲಿಲ್ಲ. ಆದರೆ ಅವನ ಟೆಸ್ಟಿಗೆ ಒಬ್ಬನೇ ಎಲ್ಲವಕ್ಕೂ ಅಂಕ ಕೊಟ್ಟಿರಬೇಕು, ಒಬ್ಬನೇ ನಾಲ್ಕು ಹೋಟೆಲಿನ ದೋಸೆ ತಿಂದ ಹಾಗೆ.

ಬೇರೆ ಬೇರೆ ಜನ ಬೇರೆ ಬೇರೆ ಗುಂಪಿಗೆ ಅಂಕ ಕೊಟ್ಟಾಗ ಏನು ಮಾಡುವುದು? ಅದಕ್ಕೆ ಉತ್ತರ 1952ರಲ್ಲಿ ಶಿಕಾಗೋದಿಂದ ಬಂತು. ಅದೇ ಕ್ರುಸ್ಕಲ್, ಮತ್ತು ಫ್ರೀಡ್ಮನ್ನನ ಹಳೆಯ ಗೆಳೆಯ ಆಲೆನ್ ವಾಲಿಸ್. ಯುದ್ಧಕಾಲದಲ್ಲಿ ಕೊಲಂಬಿಯಾದ ಸಂಖ್ಯಾಶಾಸ್ತ್ರ ಸಂಶೋಧನಾ ತಂಡವನ್ನು ನಡೆಸಿದವನು ಈ ವಾಲಿಸ್.

ಅವರ ಉದಾಹರಣೆ ಬಾಟಲಿ ಮುಚ್ಚಳ ಮಾಡುವ ಮೂರು ಯಂತ್ರಗಳು. ಒಂದು ಮಾಮೂಲಿ, ಎರಡು ಮಾರ್ಪಾಡು ಮಾಡಿದವು. ದಿನದ ಉತ್ಪಾದನೆ ಹೀಗೆ:

ಮಾಮೂಲಿ: 340, 345, 330, 342, 338
ಮೊದಲ ಮಾರ್ಪಾಡು: 339, 333, 344
ಎರಡನೇ ಮಾರ್ಪಾಡು: 347, 343, 349, 355

ಹನ್ನೆರಡೂ ಸಂಖ್ಯೆಗೆ ರ‍್ಯಾಂಕ್ ಕೊಟ್ಟು ಕೂಡಿಸಿದರೆ ಕ್ರಮವಾಗಿ 24, 14, 40. ಇದರಿಂದ ಎಚ್ ಅನ್ನುವ ಒಂದು ಸಂಖ್ಯೆ ತೆಗೆಯುತ್ತಾರೆ. ಗುಂಪುಗಳ ಸರಾಸರಿ ರ‍್ಯಾಂಕ್ ಒಂದಕ್ಕೊಂದು ದೂರವಾದಷ್ಟೂ ಎಚ್ ದೊಡ್ಡದು. ಇಲ್ಲಿ 5.656. ದೊಡ್ಡ ಗುಂಪುಗಳಾದರೆ ಇದನ್ನು ಕೈ-ಸ್ಕ್ವೇರ್ ಕೋಷ್ಟಕದಲ್ಲಿ ನೋಡಿದರೆ ಸಾಕು. ಹಾಗೆ ನೋಡಿದರೆ ಸಂಭವನೀಯತೆ 0.059. ಆದರೆ ಈ ಹನ್ನೆರಡು ರ‍್ಯಾಂಕುಗಳನ್ನು ಮೂರು ಯಂತ್ರಗಳಿಗೆ ಹಂಚುವ 27,720 ವಿಧಗಳನ್ನೂ ಎಣಿಸಿದರೆ ನಿಜವಾದ ಉತ್ತರ 0.049. 0.05 ಅನ್ನುವ ಗೆರೆಯ ಆಚೆಗೊಂದು, ಈಚೆಗೊಂದು! ಇದಕ್ಕಾಗಿಯೇ ಚಿಕ್ಕ ಗುಂಪುಗಳಿಗೆ ಅಂತ ಬೇರೆ ಕೋಷ್ಟಕವನ್ನೇ ಲೇಖನದ ಜೊತೆ ಕೊಟ್ಟರು. ನಾನು ಲ್ಯಾಪ್‌ಟಾಪಿನಲ್ಲಿ ಆ 27,720ನ್ನೂ ಎಣಿಸಿ ನೋಡಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆಗ ಕೋಷ್ಟಕ ಮಾಡಲು ಕೂತವರ ತಾಳ್ಮೆಗೆ ಕೈ ಮುಗಿಯಬೇಕು.

1956ರಲ್ಲಿ ಸಿಡ್ನಿ ಸೀಗಲ್ ಬರೆದ ಪಠ್ಯಪುಸ್ತಕದಿಂದ ಈ ಟೆಸ್ಟುಗಳು ಮನಶ್ಶಾಸ್ತ್ರ, ಸಮಾಜಶಾಸ್ತ್ರದವರ ಕೈಗೆ ಬಂದವು. ಎಚ್ ದೊಡ್ಡದು ಅಂತ ಗೊತ್ತಾದರೂ ಯಾವ ಗುಂಪು ಬೇರೆ ಅಂತ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ 1964ರಲ್ಲಿ ಆಲಿವ್ ಜೀನ್ ಡನ್ ಒಂದು ವಿಧಾನ ಕೊಟ್ಟಳು. ಎರಡೆರಡೇ ಗುಂಪನ್ನು ಬೇರೆ ಬೇರೆಯಾಗಿ ಹೋಲಿಸುತ್ತಾ ಹೋದರೆ ವಿಚಿತ್ರಗಳೂ ನಡೆಯುತ್ತವೆ. ಬ್ರಾಡ್ಲಿ ಎಫ್ರಾನ್ ಮಾಡಿದ ನಾಲ್ಕು ದಾಳಗಳಿವೆ. ಒಂದನೆಯದು ಎರಡನೆಯದನ್ನು ಮೂರರಲ್ಲಿ ಎರಡು ಸಲ ಸೋಲಿಸುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ನಾಲ್ಕನೆಯದನ್ನು, ನಾಲ್ಕನೆಯದು ತಿರುಗಿ ಒಂದನೆಯದನ್ನು! "ಯಾವ ತಂಡ ಬೆಸ್ಟ್?" ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲದಿರಬಹುದು.

ಮತ್ತೆ ನನ್ನ ಎಕ್ಸೆಲ್ ಶೀಟಿಗೆ

ಇಷ್ಟೆಲ್ಲ ಓದಿದ ಮೇಲೆ ಒಂದು ಭಾನುವಾರ ಆ ಹಳೆಯ 21 ಅಂಕಗಳನ್ನು ತೆಗೆದುಕೊಂಡು ಕೂತೆ. ಪೈಥಾನ್ ಬೇಡ, ಪೆನ್ನು ಕಾಗದದಲ್ಲೇ ಮಾಡೋಣ ಅಂತ.

ಎರಡು 1 ಇವೆ, ಇಬ್ಬರಿಗೂ ರ‍್ಯಾಂಕ್ 1.5. ಎರಡು 3, ಅವಕ್ಕೆ 3.5. ಹತ್ತು 4, ಅವಕ್ಕೆಲ್ಲ 9.5. ಏಳು 5, ಅವಕ್ಕೆ 18. ಗುಂಪುವಾರು ಕೂಡಿಸಿ ಸರಾಸರಿ ರ‍್ಯಾಂಕ್ ತೆಗೆದೆ.

ಬೆಳಗಿನ ಪಾಳಿ 10.88. ಸಂಜೆ ಪಾಳಿ 11.07. ರಾತ್ರಿ ಪಾಳಿ 11.08.

ಎರಡು ಸಲ ಲೆಕ್ಕ ಮಾಡಿದೆ. ರಾತ್ರಿ ಪಾಳಿ ಕೊನೆಯಲ್ಲಿಲ್ಲ, ಕೂದಲೆಳೆಯಷ್ಟು ಮೇಲೇ ಇದೆ! ಸಮ ಬಂದ ಅಂಕಗಳಿಗೆ ತಿದ್ದುಪಡಿ ಮಾಡಿದರೆ ಎಚ್ 0.006. ಅಂದರೆ ಮೂರೂ ಪಾಳಿಗೆ ವ್ಯತ್ಯಾಸ ಇದೆ ಅನ್ನಲು ಎಳ್ಳಷ್ಟೂ ಆಧಾರ ಇಲ್ಲ. ಆರರಲ್ಲಿ ಮೂರು ಜನ ಐದಕ್ಕೈದು ಕೊಟ್ಟಿದ್ದರು. ಎರಡು 1 ಸೇರಿ ಸರಾಸರಿಯನ್ನು ಕೆಳಗೆ ಎಳೆದಿದ್ದವು.

ಇಲ್ಲಿಗೆ ನಿಲ್ಲಿಸಿದರೆ "ಸರಾಸರಿ ಕೆಟ್ಟದ್ದು, ರ‍್ಯಾಂಕ್ ಒಳ್ಳೆಯದು" ಅಂತ ನೀತಿ ಹೇಳಿ ಮುಗಿಸಬಹುದಿತ್ತು. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ವಿಷಯ ಅಷ್ಟು ಸರಳ ಅಲ್ಲ. ಸರಾಸರಿಗಳನ್ನು ಹೋಲಿಸುವ ಮಾಮೂಲಿ ಅನೋವಾ ಟೆಸ್ಟನ್ನೂ ಮಾಡಿ ನೋಡಿದೆ. ಅದೂ ವ್ಯತ್ಯಾಸ ಸಾಬೀತಾಗಿಲ್ಲ ಅಂತಲೇ ಹೇಳಿತು. ಅಂದರೆ ನನ್ನ ತಪ್ಪು ಟೆಸ್ಟಿನ ಆಯ್ಕೆಯಲ್ಲಿ ಇರಲಿಲ್ಲ. ಯಾವ ಟೆಸ್ಟನ್ನೂ ಮಾಡದೆ, ಆರು ಜನರ ಮಾತಿನ ಮೇಲೆ ಕೆಂಪು ಕಂಬ ನಿಲ್ಲಿಸಿದ್ದೇ ತಪ್ಪು.

ಇನ್ನೊಂದು ಮಾತು. ರ‍್ಯಾಂಕ್ ಟೆಸ್ಟು "ವ್ಯತ್ಯಾಸ ಕಾಣಲಿಲ್ಲ" ಅಂದರೆ ಏನೂ ನಡೆದಿಲ್ಲ ಅಂತ ಅರ್ಥ ಅಲ್ಲ. ರಾತ್ರಿ ಪಾಳಿಯ ಅಂಕಗಳು ಎರಡು ತುದಿಗೆ ಹರಡಿದ್ದವು, ಈ ಟೆಸ್ಟಿಗೆ ಆ ಹರಡುವಿಕೆ ಸರಿಯಾಗಿ ಕಾಣುವುದಿಲ್ಲ. ಆ ಎರಡು 1 ಯಾಕೆ ಬಂದವು ಅಂತ ಯಾರಾದರೂ ಕೇಳಬೇಕಿತ್ತು. ನನಗೆ ಗೊತ್ತಿತ್ತು ಕಣ್ರೀ, ಅದೇ ಈಗ ಚುಚ್ಚುವುದು. ಎರಡೂ ಒಂದೇ ರಾತ್ರಿಯವು. ಅವತ್ತು ಸರ್ವರ್ ಮಲಗಿತ್ತು, ಗ್ರಾಹಕರು ಬೈದು ಅಂಕ ಕೊಟ್ಟಿದ್ದರು. ಬೆಳಗಿನ ಪಾಳಿಯವರಿದ್ದರೂ ಅದೇ 1 ಬರುತ್ತಿತ್ತು. ಈ ಟೆಸ್ಟುಗಳೆಲ್ಲ ಒಂದು ಉತ್ತರಕ್ಕೂ ಇನ್ನೊಂದು ಉತ್ತರಕ್ಕೂ ಸಂಬಂಧ ಇರಬಾರದು ಅನ್ನುತ್ತವೆ. ನಾರ್ಮಲ್ ಅನ್ನುವ ಕರಾರನ್ನು ವಿಲ್ಕಾಕ್ಸನ್ ತೆಗೆದು ಹಾಕಿದ, ಈ ಕರಾರನ್ನು ಅವನಿಂದಲೂ ತೆಗೆಯಲಾಗಲಿಲ್ಲ.

ವಿಲ್ಕಾಕ್ಸನ್ 1960ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸಲು ಸೇರಿದ. 1965ರಲ್ಲಿ ತೀರಿಕೊಂಡ. ಜೀವನವಿಡೀ ರಸಾಯನಶಾಸ್ತ್ರಜ್ಞನಾಗಿ ದುಡಿದವನು ಬಿಟ್ಟುಹೋದದ್ದು, ಗಣಿತ ಬರದವರೂ ಮಾಡಬಹುದಾದ ಒಂದು ಲೆಕ್ಕ. ಅವತ್ತು ಮೀಟಿಂಗಿಗೆ ಮುಂಚೆ ನನಗೆ ಆ ನಾಲ್ಕು ಪುಟ ಸಿಕ್ಕಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. 11.08ರ ಕಥೆಯನ್ನೂ ಹೇಳಿದೆ. ಅವನು ತೋಟದಲ್ಲಿದ್ದ, ಅಡಿಕೆ ಕೊಯ್ಲು ನಡೆಯುತ್ತಿತ್ತು. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ನಾವೇ ಫಸ್ಟಾ?" ಅಂತ ನಕ್ಕ. ಆಮೇಲೆ, "ಈಗ ಹೇಳಿ ಎಂತ ಪ್ರಯೋಜನ ಮಾರಾಯ, ಮುಂದಿನ ಸಲ ಆ ಚಿತ್ರ ಹಾಕೋ ಮುಂಚೆ ಒಂದು ಫೋನ್ ಮಾಡು" ಅಂದ.

ಅದಾದ ಮೇಲೆ ನಾನು ಪಾಳಿ, ತಂಡ, ಊರು ಅಂತ ಯಾವುದೇ ಗುಂಪುಗಳ ಅಂಕ ಹೋಲಿಸುವಾಗ ಮೂರು ವಿಷಯ ತಪ್ಪದೆ ಬರೆಯುತ್ತೇನೆ. ಎಷ್ಟು ಜನ ಉತ್ತರಿಸಿದರು, ಒಂದೊಂದು ಅಂಕವನ್ನು ಎಷ್ಟೆಷ್ಟು ಜನ ಕೊಟ್ಟರು, ಮತ್ತು 1 ಕೊಟ್ಟವರು ಯಾಕೆ ಕೊಟ್ಟರು. ಇವು ಮೂರೂ ಬರೆದ ಮೇಲೆ ಸರಾಸರಿಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ.

ನಿಮ್ಮ ಆಫೀಸಿನಲ್ಲೂ ಇಂಥ ಕೆಂಪು ಕಂಬಗಳು ಇರಬಹುದು. ಒಮ್ಮೆ ರ‍್ಯಾಂಕ್ ಹಾಕಿ ನೋಡಿ. ಏನು ಬಂತು ಅಂತ ನನಗೂ ತಿಳಿಸಿ.